ಬೆಳಕನ್ನೇ ಒರೆಗಲ್ಲಾಗಿಸಿದವನು

ಚಿನ್ನದ ಪರೀಕ್ಷೆಗೆ ಒರೆಗಲ್ಲುಂಟು. ಗಾಜಿನ ಪರೀಕ್ಷೆಗೆ ಏನುಂಟು? ದೂರದರ್ಶಕದ ಮಸೂರವು ಕಣ್ಣಿಗೆ ಎಷ್ಟೇ ನುಣುಪಾಗಿ ಕಂಡರೂ, ಬೆರಳಿಗೆ ತಿಳಿಯದ ಉಬ್ಬುತಗ್ಗುಗಳು ನಕ್ಷತ್ರದ ಬಿಂಬವನ್ನು ಕೆಡಿಸಿಬಿಡುತ್ತವೆ. ಈ ಪ್ರಶ್ನೆಗೆ ಬೆಳಕಿನಿಂದಲೇ ಉತ್ತರ ಪಡೆದವನು ಜೋಸೆಫ್ ಫ್ರೌನ್‌ಹೋಫರ್.

ಆತನು 1787ರಲ್ಲಿ ಬವೇರಿಯದ ಸ್ಟ್ರೌಬಿಂಗ್ ಪಟ್ಟಣದಲ್ಲಿ ಗಾಜುಗಾರನೊಬ್ಬನ ಮಗನಾಗಿ ಜನಿಸಿದನು. ಬಾಲ್ಯದಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡು, ಮ್ಯೂನಿಕ್ ನಗರದ ಕನ್ನಡಿಗಾರನೊಬ್ಬನಲ್ಲಿ ಕೆಲಸ ಕಲಿಯಲು ಸೇರಿದನು. ಓದಬೇಕೆಂಬ ಹಂಬಲಕ್ಕೆ ಯಜಮಾನನ ಸಮ್ಮತಿಯಿರಲಿಲ್ಲ. 1801ರ ಜುಲೈ 21ರಂದು ಆ ಮನೆಯೇ ಕುಸಿದುಬಿದ್ದಿತು. ಅವಶೇಷಗಳಡಿಯಿಂದ ಹುಡುಗನನ್ನು ಜೀವಂತವಾಗಿ ಹೊರತೆಗೆದಾಗ, ನಾಡಿನ ಅರಸ ಮ್ಯಾಕ್ಸಿಮಿಲಿಯನ್ ಜೋಸೆಫನು ಕನಿಕರಗೊಂಡು ಧನಸಹಾಯ ಮಾಡಿದನು. ಆ ಹಣದಿಂದ ಹುಡುಗನು ಗಾಜು ಸಾಣೆಹಿಡಿಯುವ ಯಂತ್ರವನ್ನೂ ತನ್ನ ಬಿಡುಗಡೆಯನ್ನೂ ಕೊಂಡುಕೊಂಡನು. ಉಟ್ಜ್‌ಶ್ನೈಡರ್ ಎಂಬ ಉದ್ಯಮಿಯು ಗಣಿತದ ಗ್ರಂಥಗಳನ್ನಿತ್ತು, 1806ರಲ್ಲಿ ಅವನನ್ನು ತನ್ನ ದೃಗ್ಯಂತ್ರಾಲಯಕ್ಕೆ ಸೇರಿಸಿಕೊಂಡನು.

ಅಲ್ಲಿ ಕುಶಲಿಗಳು ಕೈಯ ಅಭ್ಯಾಸವನ್ನು ನಂಬಿದ್ದರು. ಫ್ರೌನ್‌ಹೋಫರನು ಅಳತೆಯನ್ನು ನಂಬಿದನು. ಮಸೂರದ ಉಬ್ಬಿದ ಮೈಗೆ ಸರಿಹೊಂದುವ ತಗ್ಗಿನ ಮಾದರಿ ಗಾಜೊಂದನ್ನು ಅದರ ಮೇಲಿರಿಸಿ ನೋಡಿದನು. ನಡುವಣ ತೆಳು ಗಾಳಿಪದರದ ಎರಡೂ ಅಂಚುಗಳಿಂದ ಹಿಂದಿರುಗಿದ ಬೆಳಕಿನ ಅಲೆಗಳು ಒಂದನ್ನೊಂದು ಕೂಡಿ, ಕಳೆದು, ಬಣ್ಣದ ಬಳೆಗಳನ್ನು ಮೂಡಿಸಿದುವು. ಇವು ನ್ಯೂಟನ್ನನು ಹಿಂದೆಯೇ ಕಂಡಿದ್ದ ಬಳೆಗಳು. ಒಂದು ಬಳೆಯಿಂದ ಮುಂದಿನದಕ್ಕೆ ಪದರದ ದಪ್ಪದಲ್ಲಾಗುವ ವ್ಯತ್ಯಾಸವು ಅರ್ಧ ಅಲೆಯುದ್ದ. ಹಳದಿ ಬೆಳಕಿನಲ್ಲಿ ಸುಮಾರು 0.0003 ಮಿಲಿಮೀಟರು. ಬಳೆಗಳು ದುಂಡಗಿದ್ದರೆ ಮೈ ಗೋಳಾಕಾರವೇ; ಅವುಗಳ ಸಂಖ್ಯೆಯು ಮಾದರಿಯ ಬಾಗಿಗೂ ಅದಕ್ಕೂ ಇರುವ ಅಂತರವನ್ನು ಸಾರುವುದು. ಬಳೆ ಸೊಟ್ಟಗಾದಲ್ಲಿ ದೋಷವಿದೆ, ಮತ್ತೆ ಉಜ್ಜಬೇಕು. ಕೆಲಸಗಾರನ ಹೆಮ್ಮೆಗೆ ಅಲ್ಲಿ ಮನ್ನಣೆಯಿಲ್ಲ.

ಇಂಥ ನಿಷ್ಠುರತೆಯ ಫಲವಾಗಿ, 1814ರಲ್ಲಿ ಸೂರ್ಯನ ವರ್ಣಪಟಲದಲ್ಲಿ ನೂರಾರು ಕಪ್ಪುಗೆರೆಗಳನ್ನು ಆತನು ಗುರುತಿಸಿದನು. 1824ರಲ್ಲಿ ಡೋರ್ಪಾಟ್ ವೀಕ್ಷಣಾಲಯಕ್ಕೆ ಸುಮಾರು 24 ಸೆಂಟಿಮೀಟರು ಅಗಲದ ಮಸೂರವುಳ್ಳ ಮಹಾ ದೂರದರ್ಶಕವನ್ನಿತ್ತನು. 1826ರ ಜೂನ್ 7ರಂದು, ಮೂವತ್ತೊಂಬತ್ತನೆಯ ವಯಸ್ಸಿನಲ್ಲಿಯೇ, ಕ್ಷಯರೋಗವು ಆತನನ್ನು ಕೊಂಡೊಯ್ದಿತು.

ಆದರೆ ಗಾಜು ಬದುಕಿತ್ತು. ಆತನ ಯಂತ್ರಾಲಯದ ಹೀಲಿಯೋಮೀಟರಿನಿಂದಲೇ ಬೆಸೆಲ್ಲನು 1838ರಲ್ಲಿ ಹಂಸರಾಶಿಯ 61ನೆಯ ತಾರೆಯ ದೂರವನ್ನು ಅಳೆದನು. ಇಂದು ಲೇಸರ್ ಕಿರಣವೂ ಗಣಕಯಂತ್ರವೂ ಕೂಡಿ ಗೋಳಮೈಗಳನ್ನು ಇನ್ನೂ ಸೂಕ್ಷ್ಮವಾಗಿ ಅಳೆಯುತ್ತಿವೆ. ಆದರೆ ತೀರ್ಪು ನೀಡುವುದು ಅದೇ ಬೆಳಕು. ಮಣ್ಣಿನಡಿಯಲ್ಲಿ ಹೂತುಹೋಗಬೇಕಾಗಿದ್ದ ಅನಾಥ ಬಾಲಕನೊಬ್ಬನು ನಕ್ಷತ್ರಗಳ ದೂರಕ್ಕೆ ಅಳತೆಗೋಲನ್ನು ಒದಗಿಸಿದನು. ತನ್ನ ಕೈಕೆಲಸದ ತಪ್ಪನ್ನು ತಾನೇ ಹುಡುಕಿ ನೋಡುವ ಧೈರ್ಯವೇ ಆತನ ನಿಜವಾದ ಸಂಪತ್ತು.