ಎರಡಾಣೆಯಿಂದ ವಿಶ್ವಾಸ ಗಳಿಸಿದ ಡಾ. ಟಿ.ಎಂ.ಎ. ಪೈ

ಬಂಟ್ವಾಳ ಪೇಟೆಯಲ್ಲಾಗಲಿ, ಬೆಳ್ತಂಗಡಿ, ಮೂಡುಬಿದಿರೆಯಲ್ಲಾಗಲಿ, ಸಂಜೆ ಹೊತ್ತಿಗೆ ಅಂಗಡಿಯಿಂದ ಅಂಗಡಿಗೆ ಬಂದು ಪಿಗ್ಮಿ ಹಣ ತೆಗೆದುಕೊಂಡು ಹೋಗುವವರನ್ನು ಕಾಣದವರಿಲ್ಲ. ಕಿರಾಣಿ ಅಂಗಡಿಯವರು, ಹೋಟೆಲಿನವರು, ಹೂ ಮಾರುವವರು, ರಿಕ್ಷಾದವರು ಹೀಗೆ ದಿನವೂ ಪಿಗ್ಮಿ ಕಟ್ಟಿ ಮಗಳ ಮದುವೆ ಮಾಡಿದ್ದಾರೆ, ಮನೆಗೆ ಹಂಚು ಹಾಕಿಸಿದ್ದಾರೆ. ಈ ಪದ್ಧತಿ ನಮ್ಮ ಜಿಲ್ಲೆಯಲ್ಲಿಯೇ, ಅದೂ ಜನರ ಕೈಯಲ್ಲಿ ಕಾಸಿಲ್ಲದ ಕಾಲದಲ್ಲಿ ಹುಟ್ಟಿತು ಎಂಬುದು ಇಂದಿನ ಮಕ್ಕಳಿಗೆ ಅಷ್ಟಾಗಿ ತಿಳಿದಿಲ್ಲ. ಅದರ ಹಿಂದೆ ಇದ್ದವರಲ್ಲಿ ಮುಖ್ಯರು ಡಾ. ಟಿ.ಎಂ.ಎ. ಪೈ.

ತೋನ್ಸೆ ಮಾಧವ ಅನಂತ ಪೈ ಅವರು ಹುಟ್ಟಿದ್ದು 1898ರ ಏಪ್ರಿಲ್ 30ರಂದು, ಉಡುಪಿ ಸಮೀಪದ ಕಲ್ಯಾಣಪುರದಲ್ಲಿ. ಮದ್ರಾಸಿನಲ್ಲಿ ವೈದ್ಯಕೀಯ ಓದಿ ಊರಿಗೆ ಮರಳಿದರು. ಡಾಕ್ಟರರಾದವರು ಬ್ಯಾಂಕಿಗೆ ಕೈ ಹಾಕುವುದು ವಿಚಿತ್ರವೆಂದು ತೋರಬಹುದು. ಆದರೆ ಬಡವರ ರೋಗ ನೋಡುವವರಿಗೆ ಅವರ ಬಡತನವೂ ಕಣ್ಣಿಗೆ ಬೀಳದೆ ಇರುವುದಿಲ್ಲ.

ಆಗ ಗಿರಣಿ ಬಟ್ಟೆಯ ಎದುರು ಕೈಮಗ್ಗದ ಬಟ್ಟೆ ನಿಲ್ಲಲಾರದೆ ನೇಕಾರರು ಕಷ್ಟಕ್ಕೆ ಬಿದ್ದಿದ್ದರು. ನೂಲು ತರಲು ಸಾಲ ಬೇಕು, ಸಾಲ ಕೊಡುವವರಿಗೆ ಅಡವು ಬೇಕು. ಅಡವು ಇಡಲು ನೇಕಾರನಲ್ಲಿ ಏನಿದೆ? ಈ ಸಂದರ್ಭದಲ್ಲಿ 1925ರಲ್ಲಿ ಉದ್ಯಮಿಯಾಗಿದ್ದ ಅಣ್ಣ ಉಪೇಂದ್ರ ಅನಂತ ಪೈ, ಎಂಜಿನಿಯರ್ ವಾಮನ ಕುಡ್ವ ಮತ್ತು ಡಾ. ಪೈ ಮೂವರೂ ಸೇರಿ ಉಡುಪಿಯಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಆರಂಭಿಸಿದರು. ಬಂಡವಾಳ 8,000 ರೂಪಾಯಿ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಮನೆಮಾತಾದದ್ದು ಇದೇ.

ಬಾಗಿಲು ತೆರೆದರೆ ಸಾಕೆ? ಜನ ಬರಬೇಕಲ್ಲ. ಬ್ಯಾಂಕು ಎಂದರೆ ಜನರಿಗೆ ಅಂಜಿಕೆ. 1906ರಲ್ಲಿ ಮದ್ರಾಸಿನ ದೊಡ್ಡ ಅರ್ಬತ್‌ನಾಟ್ ಕಂಪನಿ ಮುಳುಗಿ ಎಷ್ಟೋ ಮನೆಗಳ ಹಣ ಹೋಗಿತ್ತು. ಆಮೇಲಿನ ವರ್ಷಗಳಲ್ಲಿಯೂ ದೇಶದ ಹಲವು ಬ್ಯಾಂಕುಗಳು ಬಾಗಿಲು ಹಾಕಿದ್ದವು. ಹಣವನ್ನು ಮಡಕೆಯಲ್ಲಿ ಇಡುವುದು, ಇಲ್ಲವೆ ಚಿನ್ನ ಮಾಡಿಸುವುದು ಕ್ಷೇಮವೆಂದು ಜನ ತಿಳಿದದ್ದರಲ್ಲಿ ತಪ್ಪೇನೂ ಇರಲಿಲ್ಲ. ಅದಲ್ಲದೆ ಕೂಲಿಯವನು ಎರಡಾಣೆ ಹಿಡಿದುಕೊಂಡು ಬ್ಯಾಂಕಿನ ಮೆಟ್ಟಿಲು ಹತ್ತಲು ನಾಚುತ್ತಿದ್ದ. ಒಂದು ದಿನದ ಕೆಲಸ ಬಿಟ್ಟು ಬರುವುದೂ ಅವನಿಂದ ಆಗದು.

ಗಿರಾಕಿ ಬರದಿದ್ದರೆ ಗಿರಾಕಿಯ ಬಳಿಗೇ ಹೋಗಬೇಕು. 1928ರಲ್ಲಿ ಪಿಗ್ಮಿ ಯೋಜನೆ ಹುಟ್ಟಿದ್ದು ಹೀಗೆ. ಬ್ಯಾಂಕಿನ ಪರವಾಗಿ ಒಬ್ಬ ಏಜೆಂಟರು ದಿನವೂ ಮನೆಬಾಗಿಲಿಗೆ ಹೋಗಿ ಕನಿಷ್ಠ ಎರಡಾಣೆ ಪಡೆದು, ಬರೆದುಕೊಟ್ಟು ಬರುವುದು. ಅದೇ ವರ್ಷ ಬ್ರಹ್ಮಾವರದಲ್ಲಿ ಮೊದಲ ಶಾಖೆಯೂ ತೆರೆಯಿತು. ಎರಡಾಣೆ ಎಂದರೆ ರೂಪಾಯಿಯ ಎಂಟನೆಯ ಒಂದು ಪಾಲು. ತಿಂಗಳಿಗೆ ಮೂರು ರೂಪಾಯಿ ಹನ್ನೆರಡಾಣೆ, ವರ್ಷಕ್ಕೆ 45 ರೂಪಾಯಿ ಹತ್ತಾಣೆ. ಒಂದೇ ಸಲಕ್ಕೆ 45 ರೂಪಾಯಿ ಕೊಡು ಎಂದರೆ ಯಾವ ನೇಕಾರನೂ ಕೊಡಲಾರ. ದಿನಕ್ಕೆ ಎರಡಾಣೆ ಎಂದರೆ ವೀಳ್ಯ, ಬೀಡಿಯ ಖರ್ಚಿನಲ್ಲಿ ಸ್ವಲ್ಪ ಹಿಡಿದರೂ ಆದೀತು.

ಇಲ್ಲಿ ವ್ಯಾಪಾರಸ್ಥರು ಗಮನಿಸಬೇಕಾದ ಸಂಗತಿಯೊಂದಿದೆ. ಮುಗ್ಗಟ್ಟಿನ ಕಾಲದಲ್ಲಿ ಜನ ಹಿಂಜರಿಯುವುದು ಕೈಯಲ್ಲಿ ಏನೂ ಇಲ್ಲವೆಂದು ಮಾತ್ರವಲ್ಲ, ಇದ್ದುದೂ ಹೋದೀತು ಎಂಬ ಹೆದರಿಕೆಯಿಂದ. ಜಾಹೀರಾತಿನಿಂದ ಆ ಹೆದರಿಕೆ ಹೋಗುವುದಿಲ್ಲ. ಪಿಗ್ಮಿಯಲ್ಲಿ ಕಳೆದುಕೊಳ್ಳಬಹುದಾದದ್ದು ಮೊದಲ ದಿನ ಎರಡೇ ಆಣೆ. ಬರುವವರು ಪರಿಚಿತ ಮುಖದವರು, ನಾಳೆಯೂ ಅದೇ ಹೊತ್ತಿಗೆ ಬರುವವರು. ಹೀಗೆ ನೂರು ದಿನ ತಪ್ಪದೆ ಬಂದವರ ಮೇಲೆ ನಂಬಿಕೆ ತಾನಾಗಿ ಬರುತ್ತದೆ. ಬ್ಯಾಂಕಿಗೂ ಅಷ್ಟೇ: ದಿನವೂ ತಪ್ಪದೆ ಕಟ್ಟುವವನು ಯಾರು ಎಂಬುದು ತಿಳಿದು, ಅಂಥವನಿಗೆ ಸಾಲ ಕೊಡಲು ಧೈರ್ಯ ಬಂತು.

ಮರುವರ್ಷವೇ, 1929ರಲ್ಲಿ, ಜಗತ್ತಿಗೆಲ್ಲ ಮುಗ್ಗಟ್ಟು ಬಡಿಯಿತು. ಬೆಳೆದ ಬೆಳೆಗೆ ಬೆಲೆ ಇಲ್ಲದಾಯಿತು, ಒಕ್ಕಲು ಮಕ್ಕಳು ಗೇಣಿ ಕೊಡಲಾಗದೆ ಒದ್ದಾಡಿದರು. 1938ರಲ್ಲಿ ಟ್ರಾವಂಕೂರ್ ನ್ಯಾಷನಲ್ ಅಂಡ್ ಕ್ವಿಲಾನ್ ಬ್ಯಾಂಕ್ ಬಿದ್ದಾಗ ದಕ್ಷಿಣ ಭಾರತವಿಡೀ ಠೇವಣಿದಾರರು ಬೆದರಿದರು. ಎರಡೆರಡಾಣೆಯ ಬ್ಯಾಂಕು ಅದನ್ನೂ ದಾಟಿ ನಿಂತಿತು. ಅಂಥ ದಿನಗಳಲ್ಲಿಯೇ, 1931ರಲ್ಲಿ, ಮಂಗಳೂರಿನಲ್ಲಿ ಎ.ಬಿ. ಶೆಟ್ಟಿಯವರು ವಿಜಯಾ ಬ್ಯಾಂಕ್ ಸ್ಥಾಪಿಸಿದ್ದನ್ನೂ ನೆನೆಯಬೇಕು.

ಉಳಿತಾಯದ ಇದೇ ಲೆಕ್ಕವನ್ನು ಪೈಯವರು ವಿದ್ಯೆಗೂ ತಂದರು. 1942ರಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಶನ್, 1949ರಲ್ಲಿ ಉಡುಪಿಯ ಎಂ.ಜಿ.ಎಂ. ಕಾಲೇಜು, 1953ರಲ್ಲಿ ಮಣಿಪಾಲದ ಬೋಳು ಗುಡ್ಡದ ಮೇಲೆ ಕಸ್ತೂರ್ಬಾ ಮೆಡಿಕಲ್ ಕಾಲೇಜು. ಸರಕಾರವನ್ನು ಕಾಯದೆ ವಿದ್ಯಾರ್ಥಿಗಳ ಶುಲ್ಕದಿಂದಲೇ ಮೆಡಿಕಲ್ ಕಾಲೇಜು ನಡೆಸಿದ್ದಕ್ಕೆ ಟೀಕೆಯೂ ಬಂತು. ಹಣವಿದ್ದವರಿಗೆ ಮಾತ್ರ ಸೀಟು ಎಂಬ ಆ ಮಾತನ್ನು ಪೂರ್ತಿ ತಳ್ಳಿಹಾಕಲಾಗದು. ಆದರೆ ಆ ಕಾಲೇಜು ಇಲ್ಲದಿದ್ದರೆ ಕರಾವಳಿಯ ರೋಗಿಗಳು ಎಲ್ಲಿಗೆ ಹೋಗಬೇಕಿತ್ತು ಎಂಬುದನ್ನೂ ಕೇಳಬೇಕು.

ಸಮಾಜ ಬಾಂಧವರಿಗೆ ಹತ್ತಿರದ ವಿಷಯವೆಂದರೆ 1965ರಲ್ಲಿ ಜೈನ ಕಾಶಿ ಮೂಡುಬಿದಿರೆಯಲ್ಲಿ ಅದೇ ಅಕಾಡೆಮಿಯ ಮೂಲಕ ಆರಂಭವಾದ ಕಾಲೇಜು. ಅದರ ಹೆಸರು ಶ್ರೀ ಮಹಾವೀರ ಕಾಲೇಜು. ಮಂಗಳೂರಿಗೆ ಹೋಗಿ ರೂಮು ಮಾಡಿ ಓದಲಾಗದ ಎಷ್ಟೋ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಮನೆಯಿಂದಲೇ ಹೋಗಿ ಪದವಿ ಪಡೆಯಲು ಇದರಿಂದ ದಾರಿಯಾಯಿತು.

1969ರ ಜುಲೈ 19ರಂದು ರಾಷ್ಟ್ರೀಕರಣಗೊಂಡ 14 ಬ್ಯಾಂಕುಗಳಲ್ಲಿ ಸಿಂಡಿಕೇಟ್ ಬ್ಯಾಂಕೂ ಒಂದು. ಪೈಯವರಿಗೆ 1972ರಲ್ಲಿ ಪದ್ಮಶ್ರೀ ಬಂತು. 1979ರ ಮೇ 29ರಂದು ಅವರು ನಿಧನರಾದರು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ಸೇರಿಹೋಗಿ ಬೋರ್ಡು ಬದಲಾಯಿತು. ಪಿಗ್ಮಿ ಮಾತ್ರ ಊರೂರಿನ ಸಹಕಾರಿ ಸಂಘಗಳಲ್ಲಿ ಇನ್ನೂ ನಡೆಯುತ್ತಿದೆ. ಚೀಟಿಯ ಬದಲು ಕೈಯಲ್ಲಿ ಸಣ್ಣ ಮೆಷಿನು ಬಂದಿದೆ, ಅಷ್ಟೇ.