ಸರ್ ಕ್ರಿಸ್ಟೋಫರ್ ಕಾಕರೆಲ್: ಹೋವರ್‌ಕ್ರಾಫ್ಟಿನ ಜನಕ

ನೀರಿಗೂ ನೆಲಕ್ಕೂ ತಾಗದೆ ಗಾಳಿಯ ಮೆತ್ತೆಯ ಮೇಲೆ ಓಡುವ ಹೋವರ್‌ಕ್ರಾಫ್ಟನ್ನು ರೂಪಿಸಿದ ಕ್ರಿಸ್ಟೋಫರ್ ಕಾಕರೆಲ್ 1910ರ ಜೂನ್ 4ರಂದು ಕೇಂಬ್ರಿಜ್‌ನಲ್ಲಿ ಜನಿಸಿದರು. ತಂದೆ ಸಿಡ್ನಿ ಕಾಕರೆಲ್ ಅಲ್ಲಿನ ಫಿಟ್ಸ್‌ವಿಲಿಯಂ ವಸ್ತುಸಂಗ್ರಹಾಲಯದ ಹೆಸರಾಂತ ನಿರ್ದೇಶಕರು, ಪ್ರಾಚೀನ ಹಸ್ತಪ್ರತಿಗಳ ರಸಿಕರು. ಯಂತ್ರಗಳ ಗೀಳು ಹತ್ತಿದ ಮಗ ಅವರಿಗೆ ನಿರಾಶೆಯನ್ನೇ ತಂದರು.

ಮಾರ್ಕೋನಿ ಕಂಪನಿಯಲ್ಲಿ ರೇಡಿಯೋ, ರೇಡಾರ್‌ಗಳ ಕೆಲಸ ಮಾಡಿದ ಕಾಕರೆಲ್ ಮುಂದೆ ದೋಣಿ ಕಟ್ಟುವ ಸಣ್ಣ ಉದ್ಯಮಕ್ಕಿಳಿದರು. ನೀರಿನ ಎಳೆತವನ್ನು ತಗ್ಗಿಸುವ ಚಿಂತೆ ಅಲ್ಲಿಯೇ ಮೊಳೆಯಿತು. 1955ರಲ್ಲಿ ಕಾಫಿಯ ಡಬ್ಬಿಯೊಳಗೆ ಬೆಕ್ಕಿನ ಆಹಾರದ ಡಬ್ಬಿಯನ್ನಿಟ್ಟು, ನಡುವಿನ ಸಂದಿನಿಂದ ಅಡುಗೆಮನೆಯ ತಕ್ಕಡಿಯ ಮೇಲೆ ಗಾಳಿ ಹಾಯಿಸಿದರು. ಒಂದೇ ಡಬ್ಬಿಯಿಂದ ಬಂದ ಗಾಳಿಗಿಂತ ಉಂಗುರದಂತೆ ಇಳಿದ ಈ ಗಾಳಿ ತಕ್ಕಡಿಯನ್ನು ಹೆಚ್ಚು ಬಲವಾಗಿ ಒತ್ತಿತು. ಅಂಚಿನ ಗಾಳಿಯೇ ಗೋಡೆಯಾಗಿ ಒಳಗಿನದನ್ನು ಹಿಡಿದಿಟ್ಟಿತ್ತು. ಸರ್ಕಾರ ಇದನ್ನು ರಹಸ್ಯವೆಂದು ಘೋಷಿಸಿದ್ದರಿಂದ ಅಮೂಲ್ಯವಾದ ಕಾಲ ವ್ಯರ್ಥವಾಯಿತು.

1959ರ ಜುಲೈ 25ರಂದು ಎಸ್‌ಆರ್‌ಎನ್-1 ಕ್ಯಾಲೆಯಿಂದ ಡೋವರ್‌ಗೆ ಕಡಲ್ಗಾಲುವೆಯನ್ನು ದಾಟಿದಾಗ, ತೂಕ ಸರಿದೂಗಿಸುತ್ತ ಸ್ವತಃ ಕಾಕರೆಲ್ ಅದರ ಮೇಲಿದ್ದರು. 1968ರಿಂದ ಕಾರುಗಳನ್ನೂ ಹೊತ್ತೊಯ್ಯುವ ಬೃಹತ್ ಎಸ್‌ಆರ್‌ಎನ್-4 ನೌಕೆಗಳು ಅದೇ ಕಡಲ್ಗಾಲುವೆಯಲ್ಲಿ ಸಂಚರಿಸತೊಡಗಿದವು. ಮರುವರ್ಷ ಅವರಿಗೆ ನೈಟ್ ಪದವಿ ಸಂದಿತು.

1999ರ ಜೂನ್ 1ರಂದು ಅವರು ತೀರಿಕೊಂಡರು. 2000ದ ಅಕ್ಟೋಬರ್‌ನಲ್ಲಿ ಆ ಸಂಚಾರವೂ ನಿಂತಿತು. ವಸ್ತುಸಂಗ್ರಹಾಲಯದ ನಿರ್ದೇಶಕರ ಮಗ ಕಂಡ ಕನಸು ಕೊನೆಗೆ ವಸ್ತುಸಂಗ್ರಹಾಲಯವನ್ನೇ ಆಶ್ರಯಿಸಬೇಕಾಯಿತು! ಉಳಿದ ಎರಡು ಎಸ್‌ಆರ್‌ಎನ್-4 ನೌಕೆಗಳು ದಕ್ಷಿಣ ಇಂಗ್ಲೆಂಡಿನ ಲೀ-ಆನ್-ದಿ-ಸೋಲೆಂಟ್‌ನ ಹೋವರ್‌ಕ್ರಾಫ್ಟ್ ಸಂಗ್ರಹಾಲಯವನ್ನು ಸೇರಿದವು. ಇಷ್ಟು ದೊಡ್ಡ ನೌಕೆಗೆ ಸೂರು ಕಟ್ಟುವುದು ಸುಲಭವಲ್ಲ. ಬಯಲಲ್ಲಿ ನಿಂತ ಲೋಹದ ಒಡಲನ್ನು ಕಡಲ ಗಾಳಿ ತಿನ್ನುತ್ತಲೇ ಇರುತ್ತದೆ. 'ಪ್ರಿನ್ಸೆಸ್ ಮಾರ್ಗರೆಟ್' ಅನ್ನು 2018ರಲ್ಲಿ ಒಡೆಯಲಾಯಿತು. 1995ರಲ್ಲಿ 22 ನಿಮಿಷಗಳಲ್ಲಿ ಕಡಲ್ಗಾಲುವೆಯನ್ನು ದಾಟಿದ್ದ 'ಪ್ರಿನ್ಸೆಸ್ ಆನ್', ಜನರ ಒತ್ತಾಯದ ಫಲವಾಗಿ ಗುಜರಿಯಿಂದ ಪಾರಾಗಿ ಅಲ್ಲಿಯೇ ಉಳಿಯಿತು.