ಬೆಂಚಿನ ಮೇಲೆ ಕುಳಿತಿದ್ದ ತಂದೆ: ವಾಲ್ಟ್ ಡಿಸ್ನಿ

ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿ ಗ್ರಿಫಿತ್ ಪಾರ್ಕ್ ಎಂಬ ದೊಡ್ಡ ಉದ್ಯಾನವಿದೆ. 1940ರ ಆಸುಪಾಸಿನಲ್ಲಿ ಒಬ್ಬ ತಂದೆ ವಾರದ ರಜೆಯ ದಿನ ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಬರುತ್ತಿದ್ದರು. ಮಕ್ಕಳು ತಿರುಗುವ ಕುದುರೆಗಳ ಮೇಲೆ ಕುಳಿತು ನಲಿಯುತ್ತಿದ್ದರೆ, ತಂದೆ ಪಕ್ಕದ ಬೆಂಚಿನ ಮೇಲೆ ಕಡಲೆಕಾಯಿ ತಿನ್ನುತ್ತಾ ಕಾಯುತ್ತಿದ್ದರು. ಮಕ್ಕಳಿಗೆ ಆಟ, ಹಿರಿಯರಿಗೆ ಬರೀ ಕಾಯುವ ಕೆಲಸ. ಅಪ್ಪ, ಅಮ್ಮ, ಮಕ್ಕಳು ಎಲ್ಲರೂ ಒಟ್ಟಿಗೆ ಸಂತೋಷಪಡುವಂಥ ಒಂದು ಜಾಗ ಏಕಿಲ್ಲ ಎಂಬ ಯೋಚನೆ ಆ ತಂದೆಯ ತಲೆಯಲ್ಲಿ ಹುಟ್ಟಿತು. ಅವರೇ ವಾಲ್ಟ್ ಡಿಸ್ನಿ. ಮಿಕ್ಕಿ ಮೌಸ್ ಮೂಲಕ ಜಗತ್ತಿಗೆ ಪರಿಚಿತರಾದ ಇವರ ಬಾಲ್ಯದಲ್ಲಿ ಆಟಕ್ಕೆ ಹೆಚ್ಚು ಬಿಡುವಿರಲಿಲ್ಲ ಎಂಬುದು ಹಲವರಿಗೆ ತಿಳಿದಿಲ್ಲ.

ವಾಲ್ಟ್ ಹುಟ್ಟಿದ್ದು 1901ರ ಡಿಸೆಂಬರ್ 5ರಂದು, ಷಿಕಾಗೋ ನಗರದಲ್ಲಿ. ತಂದೆ ಎಲಿಯಾಸ್, ತಾಯಿ ಫ್ಲೋರಾ. ನಾಲ್ವರು ಗಂಡುಮಕ್ಕಳಲ್ಲಿ ಕೊನೆಯವನು ವಾಲ್ಟ್. ಅವನ ನಂತರ ತಂಗಿ ರೂತ್. 1906ರಲ್ಲಿ ಕುಟುಂಬ ಮಿಸ್ಸೌರಿ ರಾಜ್ಯದ ಮಾರ್ಸೆಲಿನ್ ಎಂಬ ಸಣ್ಣ ಊರಿಗೆ ಬಂದು ಬೇಸಾಯ ಶುರು ಮಾಡಿತು. ದನಕರು, ಹಂದಿ, ಸೇಬಿನ ತೋಟ, ಊರಿನ ಅಂಚಿನಲ್ಲಿ ಹಾದುಹೋಗುವ ರೈಲು: ಬಾಲಕ ವಾಲ್ಟ್‌ಗೆ ಇದೇ ಸ್ವರ್ಗ. ಚಿತ್ರ ಬಿಡಿಸುವ ಹುಚ್ಚು ಹತ್ತಿದ್ದೂ ಇಲ್ಲಿಯೇ. ಆದರೆ ಬೇಸಾಯ ಕೈಹಿಡಿಯಲಿಲ್ಲ. 1911ರ ಹೊತ್ತಿಗೆ ಹೊಲ ಮಾರಿ ಕುಟುಂಬ ಕಾನ್ಸಾಸ್ ಸಿಟಿಗೆ ಹೊರಟಿತು.

ಅಲ್ಲಿ ತಂದೆ ಪತ್ರಿಕೆ ಹಂಚುವ ಗುತ್ತಿಗೆ ಹಿಡಿದರು. ವಾಲ್ಟ್ ಮತ್ತು ಅಣ್ಣ ರಾಯ್ ಇಬ್ಬರಿಗೂ ಮನೆಮನೆಗೆ ಪತ್ರಿಕೆ ಹಾಕುವ ಕೆಲಸ. ಬೆಳಗಿನ ಜಾವ ನಾಲ್ಕಕ್ಕೂ ಮೊದಲೇ ಏಳಬೇಕು. ಚಳಿಗಾಲದಲ್ಲಿ ಮೊಣಕಾಲುದ್ದದ ಹಿಮ. ಶಾಲೆ ಮುಗಿದ ಮೇಲೆ ಸಂಜೆಯ ಪತ್ರಿಕೆ. ತಂದೆ ಕೂಲಿ ಕೊಡುತ್ತಿರಲಿಲ್ಲ. ಹೀಗೆ ಸುಮಾರು ಆರು ವರ್ಷ ನಡೆಯಿತು. ತರಗತಿಯಲ್ಲಿ ತೂಕಡಿಸುತ್ತಿದ್ದ ಹುಡುಗನಿಗೆ ಅಂಕಗಳು ಕಡಿಮೆಯೇ. ಶ್ರೀಮಂತರ ಮನೆಗಳ ಜಗಲಿಯ ಮೇಲೆ ಮಕ್ಕಳು ರಾತ್ರಿ ಬಿಟ್ಟುಹೋದ ಆಟಿಕೆಗಳು ಕಂಡರೆ, ಆ ಕತ್ತಲೆಯಲ್ಲೇ ಒಂದಷ್ಟು ಹೊತ್ತು ಆಡಿ, ಯಾರಿಗೂ ಗೊತ್ತಾಗದಂತೆ ಅಲ್ಲಿಯೇ ಇಟ್ಟು ಮುಂದಿನ ಮನೆಗೆ ಓಡುತ್ತಿದ್ದುದನ್ನು ಅವರು ದೊಡ್ಡವರಾದ ಮೇಲೆ ನೆನಪಿಸಿಕೊಂಡಿದ್ದಾರೆ. ಪತ್ರಿಕೆ ಹಾಕುವುದನ್ನು ಮರೆತುಬಿಟ್ಟೆ ಎಂದು ಬೆಚ್ಚಿ ಏಳುವ ಕನಸು ಅವರನ್ನು ಬಹಳ ವರ್ಷ ಕಾಡಿತಂತೆ.

16ನೇ ವಯಸ್ಸಿಗೆ ವಾಲ್ಟ್ ಹೈಸ್ಕೂಲು ಬಿಟ್ಟರು. ಮೊದಲ ಮಹಾಯುದ್ಧ ನಡೆಯುತ್ತಿದ್ದ ಕಾಲ. ಸೈನ್ಯಕ್ಕೆ ಸೇರಲು ವಯಸ್ಸಾಗಿರಲಿಲ್ಲ. ದಾಖಲೆಯಲ್ಲಿ ಹುಟ್ಟಿದ ವರ್ಷ ತಿದ್ದಿ ರೆಡ್ ಕ್ರಾಸ್‌ನ ಆಂಬ್ಯುಲೆನ್ಸ್ ಚಾಲಕರಾಗಿ ಫ್ರಾನ್ಸಿಗೆ ಹೋದರು. ಅವರು ತಲುಪುವಷ್ಟರಲ್ಲಿ ಯುದ್ಧ ನಿಂತಿತ್ತು. 1919ರಲ್ಲಿ ಮರಳಿ ಬಂದು ಕಾನ್ಸಾಸ್ ಸಿಟಿಯ ಜಾಹೀರಾತು ಕಚೇರಿಯೊಂದರಲ್ಲಿ ಚಿತ್ರಕಾರರಾದರು. ಅಲ್ಲಿ ಸಿಕ್ಕ ಗೆಳೆಯ ಅಬ್ ಐವರ್ಕ್ಸ್ ಮುಂದೆ ಮಿಕ್ಕಿ ಮೌಸ್‌ಗೆ ರೂಪ ಕೊಟ್ಟ ಕೈ. 1922ರಲ್ಲಿ ವಾಲ್ಟ್ ಸ್ವಂತ ಕಂಪನಿ ತೆರೆದರು. ಮರುವರ್ಷವೇ ಅದು ದಿವಾಳಿಯಾಯಿತು. ಬಾಡಿಗೆಗೆ ಹಣವಿಲ್ಲದೆ ಕಚೇರಿಯಲ್ಲೇ ಮಲಗಿದ ದಿನಗಳವು. ಕೊನೆಗೆ ಕ್ಯಾಮೆರಾ ಮಾರಿ ರೈಲು ಟಿಕೆಟ್ ಕೊಂಡು, ಸುಮಾರು 40 ಡಾಲರ್ ಜೇಬಿನಲ್ಲಿಟ್ಟುಕೊಂಡು ಹಾಲಿವುಡ್‌ಗೆ ಹೊರಟಾಗ ವಯಸ್ಸು 21.

ಕ್ಷಯರೋಗಕ್ಕೆ ಚಿಕಿತ್ಸೆ ಪಡೆಯುತ್ತಿದ್ದ ಅಣ್ಣ ರಾಯ್ ಆಗ ಲಾಸ್ ಏಂಜಲೀಸ್‌ನಲ್ಲಿದ್ದರು. ಅಣ್ಣತಮ್ಮಂದಿರು ಸೇರಿ 1923ರ ಅಕ್ಟೋಬರ್ 16ರಂದು ಸ್ಟುಡಿಯೋ ಆರಂಭಿಸಿದರು. ತಮ್ಮನದು ಕನಸು, ಅಣ್ಣನದು ಲೆಕ್ಕ. ಈ ಜೋಡಿ ಕೊನೆಯವರೆಗೂ ಉಳಿಯಿತು. 1925ರಲ್ಲಿ ಸ್ಟುಡಿಯೋದಲ್ಲೇ ಕೆಲಸಕ್ಕಿದ್ದ ಲಿಲಿಯನ್ ಅವರೊಂದಿಗೆ ವಾಲ್ಟ್ ಅವರ ಮದುವೆಯಾಯಿತು. 1927ರಲ್ಲಿ ಅವರು ಸೃಷ್ಟಿಸಿದ ಓಸ್ವಾಲ್ಡ್ ಎಂಬ ಮೊಲ ಜನಪ್ರಿಯವಾಯಿತು. ಆದರೆ ಒಪ್ಪಂದದ ಪ್ರಕಾರ ಆ ಮೊಲದ ಹಕ್ಕು ಅವರದಾಗಿರಲಿಲ್ಲ. 1928ರಲ್ಲಿ ಮೊಲವೂ ಹೋಯಿತು, ಅದನ್ನು ಬಿಡಿಸುತ್ತಿದ್ದ ಹೆಚ್ಚಿನ ಚಿತ್ರಕಾರರೂ ಹೋದರು. ಸ್ವಂತ ಸೃಷ್ಟಿಯ ಹಕ್ಕನ್ನು ಇನ್ನೆಂದೂ ಬೇರೆಯವರ ಕೈಗೆ ಕೊಡಬಾರದು ಎಂಬ ಪಾಠ ಅಂದು ಕಲಿತರು.

ಆ ನಷ್ಟದ ಬೆನ್ನಿಗೇ ಹುಟ್ಟಿದ್ದು ಇಲಿಮರಿ ಮಿಕ್ಕಿ. ಮೊದಲ ಎರಡು ಮೂಕಿ ಚಿತ್ರಗಳನ್ನು ಕೊಳ್ಳಲು ಯಾರೂ ಮುಂದೆ ಬರಲಿಲ್ಲ. ಮೂರನೆಯದಕ್ಕೆ ವಾಲ್ಟ್ ಧ್ವನಿ ಸೇರಿಸಿದರು. 1928ರ ನವೆಂಬರ್ 18ರಂದು ನ್ಯೂಯಾರ್ಕ್‌ನಲ್ಲಿ 'ಸ್ಟೀಮ್‌ಬೋಟ್ ವಿಲ್ಲಿ' ತೆರೆಕಂಡಾಗ ಜನ ಮುಗಿಬಿದ್ದರು. ಮಿಕ್ಕಿಯ ಆ ಕೀರಲು ಧ್ವನಿ ಸುಮಾರು 1947ರವರೆಗೆ ಸ್ವತಃ ವಾಲ್ಟ್ ಅವರದೇ. ಮುಂದೆ ಪೂರ್ಣಪ್ರಮಾಣದ ಕಾರ್ಟೂನ್ ಸಿನಿಮಾ ಮಾಡಲು ಹೊರಟಾಗ ಹಾಲಿವುಡ್ ನಕ್ಕಿತು. ಮನೆಯನ್ನು ಅಡವಿಟ್ಟು, ಸುಮಾರು 15 ಲಕ್ಷ ಡಾಲರ್ ಸುರಿದು ತೆಗೆದ 'ಸ್ನೋ ವೈಟ್' 1937ರ ಡಿಸೆಂಬರ್ 21ರಂದು ಬಿಡುಗಡೆಯಾಗಿ ನಕ್ಕವರ ಬಾಯಿ ಮುಚ್ಚಿಸಿತು. ಆ ಚಿತ್ರಕ್ಕೆ ಸಿಕ್ಕ ವಿಶೇಷ ಆಸ್ಕರ್‌ನಲ್ಲಿ ಒಂದು ದೊಡ್ಡ ಪ್ರತಿಮೆ, ಜೊತೆಗೆ ಏಳು ಪುಟ್ಟ ಪ್ರತಿಮೆಗಳಿದ್ದವು. ಬಿಡುಗಡೆಯ ರಾತ್ರಿ ಚಿತ್ರಮಂದಿರದ ಹೊರಗೆ ಕಾರ್ಟೂನ್ ಪಾತ್ರಗಳ ವೇಷ ತೊಟ್ಟವರು ಓಡಾಡಿ ಜನರನ್ನು ನಗಿಸಿದ್ದರು. ತೆರೆಯ ಮೇಲಿನ ಪಾತ್ರ ನೆಲಕ್ಕಿಳಿದು ಬಂದರೆ ಜನರಿಗೆ ಎಷ್ಟು ಹಿಗ್ಗು ಎಂಬುದು ಅಂದೇ ಕಂಡಿತ್ತು.

ಯಶಸ್ಸಿನ ಜೊತೆ ನೋವೂ ಬಂತು. ಅಣ್ಣತಮ್ಮಂದಿರು ತಂದೆತಾಯಿಗೆ ಕೊಡಿಸಿದ ಹೊಸ ಮನೆಯಲ್ಲಿ, ಬಿಸಿಗಾಳಿಯ ಕುಲುಮೆಯಿಂದ ಸೋರಿದ ವಿಷಾನಿಲದಿಂದ 1938ರ ನವೆಂಬರ್‌ನಲ್ಲಿ ತಾಯಿ ತೀರಿಕೊಂಡರು. ಈ ದುಃಖದ ಬಗ್ಗೆ ವಾಲ್ಟ್ ಬಹುತೇಕ ಮಾತನಾಡಲೇ ಇಲ್ಲ. 1941ರಲ್ಲಿ ಸಂಬಳದ ತಾರತಮ್ಯ ಮತ್ತು ಸಂಘದ ಹಕ್ಕಿನ ವಿಷಯವಾಗಿ ಅವರ ಸ್ಟುಡಿಯೋದ ನೂರಾರು ಚಿತ್ರಕಾರರು ಮುಷ್ಕರ ಹೂಡಿದರು. ವಾಲ್ಟ್ ಅದನ್ನು ತನಗಾದ ದ್ರೋಹವೆಂದೇ ತಿಳಿದರು. 1947ರಲ್ಲಿ ಅಮೆರಿಕದ ಸಂಸತ್ ಸಮಿತಿಯ ಮುಂದೆ ಕೆಲವು ಹಳೆಯ ನೌಕರರನ್ನು ಕಮ್ಯುನಿಸ್ಟರೆಂದು ಹೆಸರಿಸಿದರು. ಮಕ್ಕಳ ಮನಸ್ಸನ್ನು ಅಷ್ಟು ಚೆನ್ನಾಗಿ ಅರಿತವರು ತಮ್ಮ ಕೆಲಸಗಾರರ ಕಷ್ಟವನ್ನು ಹಾಗೆಯೇ ಅರಿಯಲಿಲ್ಲ. ದೊಡ್ಡವರ ಬದುಕನ್ನು ಓದುವಾಗ ಇದನ್ನೂ ಓದಬೇಕು.

ಈ ನಡುವೆಯೂ ಮಕ್ಕಳಾದ ಡಯಾನ್ ಮತ್ತು ಶರಾನ್ ಅವರಿಗೆಂದು ವಾರದಲ್ಲಿ ಒಂದು ದಿನ ಮೀಸಲಿತ್ತು. ಆ ದಿನಗಳಲ್ಲೇ ಬೆಂಚಿನ ಮೇಲೆ ಹುಟ್ಟಿದ ಯೋಚನೆ ಬೆಳೆಯಿತು. ಆಗಿನ ಮನರಂಜನಾ ಉದ್ಯಾನಗಳಲ್ಲಿ ಕಸ, ಗದ್ದಲ, ಒರಟು ಮಾತು ಸಾಮಾನ್ಯ. ವಾಲ್ಟ್ ಊರೂರು ಸುತ್ತಿದರು. ಡೆನ್ಮಾರ್ಕ್‌ನ ಕೋಪನ್‌ಹೇಗನ್‌ನಲ್ಲಿರುವ ಟಿವೋಲಿ ಉದ್ಯಾನದ ಹೂವು, ದೀಪ, ಶುಚಿತ್ವ ಅವರಿಗೆ ಹಿಡಿಸಿದವು. ಆದರೆ ತಮ್ಮನ ಯೋಜನೆಗೆ ಅಣ್ಣ ರಾಯ್ ಅವರೇ ಮೊದಲು ಒಪ್ಪಲಿಲ್ಲ, ಬ್ಯಾಂಕುಗಳೂ ಮುಂದೆ ಬರಲಿಲ್ಲ. ವಾಲ್ಟ್ ಜೀವವಿಮೆಯ ಮೇಲೆ ಸಾಲ ತೆಗೆದರು, ಪಾಮ್ ಸ್ಪ್ರಿಂಗ್ಸ್‌ನಲ್ಲಿದ್ದ ಮನೆ ಮಾರಿದರು. 1953ರಲ್ಲಿ ಅನಹೈಮ್ ಎಂಬಲ್ಲಿ ಸುಮಾರು 160 ಎಕರೆ ಕಿತ್ತಳೆ ತೋಟವನ್ನು ಆರಿಸಿಕೊಂಡರು. ಹರ್ಬ್ ರೈಮನ್ ಎಂಬ ಕಲಾವಿದರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಶನಿವಾರ, ಭಾನುವಾರದಲ್ಲಿ ಇಡೀ ಉದ್ಯಾನದ ನಕ್ಷೆ ಬರೆಸಿದರು. ಅದನ್ನು ಹಿಡಿದು ರಾಯ್ ನ್ಯೂಯಾರ್ಕಿಗೆ ಹೋದರು. ಕೊನೆಗೆ ಎಬಿಸಿ ಟೆಲಿವಿಷನ್ ಸಂಸ್ಥೆ, ವಾರಕ್ಕೊಂದು ಕಾರ್ಯಕ್ರಮ ಮಾಡಿಕೊಡುವ ಷರತ್ತಿನ ಮೇಲೆ ಹಣ ಹೂಡಿತು.

1954ರ ಜುಲೈನಲ್ಲಿ ಶುರುವಾದ ಕೆಲಸ ಒಂದೇ ವರ್ಷದಲ್ಲಿ, ಸುಮಾರು 1.7 ಕೋಟಿ ಡಾಲರ್ ವೆಚ್ಚದಲ್ಲಿ ಮುಗಿಯಿತು. ಉದ್ಯಾನದ ಸುತ್ತ ಮಣ್ಣಿನ ದಿಬ್ಬ. ಒಳಗೆ ಬಂದವರಿಗೆ ಹೊರಗಿನ ಲೋಕ ಕಾಣಬಾರದು. ದಿಬ್ಬದ ಮೇಲೆ ಉಗಿಬಂಡಿ. ಒಳಗೆ ಕಾಲಿಟ್ಟೊಡನೆ ಸಿಗುವ ಮುಖ್ಯಬೀದಿಗೆ ಬಾಲ್ಯದ ಮಾರ್ಸೆಲಿನ್ ಊರಿನ ನೆನಪೇ ಪ್ರೇರಣೆ. ಅಲ್ಲಿನ ಕಟ್ಟಡಗಳ ಮೇಲಂತಸ್ತುಗಳು ನಿಜ ಗಾತ್ರಕ್ಕಿಂತ ಚಿಕ್ಕವು. ಬೀದಿಯ ತುದಿಯ ಕೋಟೆಯ ಎತ್ತರ ಕೇವಲ 77 ಅಡಿ, ಆದರೂ ನೋಡುವವರಿಗೆ ಬಹಳ ದೊಡ್ಡದಾಗಿ ಕಾಣುತ್ತದೆ.

1955ರ ಜುಲೈ 17, ಭಾನುವಾರ, ಡಿಸ್ನಿಲ್ಯಾಂಡ್ ಉದ್ಘಾಟನೆ. ಅಂದು ಎಲ್ಲವೂ ಎಡವಟ್ಟು. ಆಹ್ವಾನಿತರಿಗೆ ಮಾತ್ರ ಎಂದಿದ್ದರೂ ನಕಲಿ ಟಿಕೆಟ್ ಹಿಡಿದವರೂ ಸೇರಿ ಸುಮಾರು 28,000 ಜನ ನುಗ್ಗಿದರು. ಉರಿಬಿಸಿಲಿಗೆ ಹೊಸ ಡಾಂಬರು ಮೆತ್ತಗಾಗಿ ಹೆಂಗಸರ ಚಪ್ಪಲಿಯ ಹಿಮ್ಮಡಿ ಹೂತುಕೊಂಡಿತು. ಪ್ಲಂಬರ್‌ಗಳ ಮುಷ್ಕರದಿಂದಾಗಿ ಕುಡಿಯುವ ನೀರಿನ ನಲ್ಲಿಗಳು, ಶೌಚಾಲಯ, ಇವೆರಡರಲ್ಲಿ ಒಂದನ್ನು ಮಾತ್ರ ಮುಗಿಸಲು ಸಮಯವಿತ್ತು. ವಾಲ್ಟ್ ಶೌಚಾಲಯ ಆರಿಸಿದರು. ಊಟ ಮುಗಿದುಹೋಯಿತು. ಒಂದು ಕಡೆ ಗ್ಯಾಸ್ ಸೋರಿತು. ಪತ್ರಿಕೆಗಳು ಛೀಮಾರಿ ಹಾಕಿದವು. ಆದರೆ ಏಳು ವಾರಗಳೊಳಗೆ ಬಂದವರ ಸಂಖ್ಯೆ ಹತ್ತು ಲಕ್ಷ ಮುಟ್ಟಿತು.

ಅಂದು ಮಕ್ಕಳನ್ನು ಬರಮಾಡಿಕೊಂಡ ಮಿಕ್ಕಿ, ಮಿನ್ನಿಯರ ವೇಷಗಳು ಉದ್ಯಾನದ ಸ್ವಂತದವಲ್ಲ. ಐಸ್ ಕೆಪೇಡ್ಸ್ ಎಂಬ ಹಿಮನೃತ್ಯ ತಂಡದಿಂದ ತಂದವು. ದೂರದ ಪ್ರೇಕ್ಷಕರಿಗೆಂದು ಮಾಡಿದ ಆ ಮುಖಗಳು ಹತ್ತಿರದಿಂದ ನೋಡಿದರೆ ಅಷ್ಟು ಚೆಂದ ಕಾಣುತ್ತಿರಲಿಲ್ಲ. ಮಕ್ಕಳು ತಾವು ತೆರೆಯ ಮೇಲೆ ನೋಡಿದ ಗೆಳೆಯನನ್ನೇ ಹುಡುಕಿಕೊಂಡು ಬರುತ್ತಾರೆ, ಕೈ ಕುಲುಕುತ್ತಾರೆ, ಅಪ್ಪಿಕೊಳ್ಳುತ್ತಾರೆ. ಹಾಗಾಗಿ 1960ರ ದಶಕದಲ್ಲಿ ಉದ್ಯಾನವು ಸ್ವಂತ ವೇಷಗಳನ್ನು ಕಾಳಜಿಯಿಂದ ಸಿದ್ಧಪಡಿಸತೊಡಗಿತು. ಕೆಲವು ನಿಯಮಗಳೂ ಗಟ್ಟಿಯಾದವು. ಮುಖವಾಡ ತೊಟ್ಟವರು ಮಾತನಾಡುವುದಿಲ್ಲ, ಎಲ್ಲವೂ ಕೈಸನ್ನೆಯಲ್ಲೇ. ಎಷ್ಟೇ ಸೆಕೆಯಾದರೂ ಮಕ್ಕಳೆದುರು ಮುಖವಾಡ ತೆಗೆಯುವಂತಿಲ್ಲ. ಕೆಲವು ಪುಟಾಣಿಗಳು ಓಡಿ ಬಂದು ಅಪ್ಪಿಕೊಂಡರೆ, ಇನ್ನು ಕೆಲವು ಆ ದೊಡ್ಡ ತಲೆ ಕಂಡೊಡನೆ ಅಮ್ಮನ ಹಿಂದೆ ಅಡಗಿ ಅಳುತ್ತವೆ. ಅಂಥ ಮಗುವಿನ ಮೇಲೆ ಮುಗಿಬೀಳದೆ, ಮಂಡಿಯೂರಿ ಮಗುವಿನ ಎತ್ತರಕ್ಕೆ ಇಳಿದು, ಅದೇ ಕೈ ಚಾಚುವವರೆಗೂ ಕಾಯಬೇಕು. ಒಳಗಿರುವವರ ಮುಖ ಯಾರಿಗೂ ಕಾಣುವುದಿಲ್ಲ, ಹೆಸರು ಯಾರಿಗೂ ಗೊತ್ತಾಗುವುದಿಲ್ಲ. ಮಗುವಿನ ಸಂತೋಷಕ್ಕಾಗಿ ಬೆವರು ಸುರಿಸುವ ಇವರ ದುಡಿಮೆಯನ್ನೂ ನಾವು ಗೌರವಿಸಬೇಕು.

ವಾಲ್ಟ್ ಅವರು ಉದ್ಯಾನದ ಅಗ್ನಿಶಾಮಕ ಠಾಣೆಯ ಮೇಲೊಂದು ಪುಟ್ಟ ಮನೆ ಮಾಡಿಕೊಂಡಿದ್ದರು. ಬಂದವರ ನಡುವೆ ತಾವೂ ಓಡಾಡುತ್ತಾ, ಸಾಲಿನಲ್ಲಿ ನಿಂತು ಜನರ ಮುಖ ನೋಡುತ್ತಿದ್ದರು. ನೆಲದ ಮೇಲೆ ಕಾಗದದ ಚೂರು ಕಂಡರೆ ತಾವೇ ಎತ್ತುತ್ತಿದ್ದರು. 1964ರ ನ್ಯೂಯಾರ್ಕ್ ವಿಶ್ವಮೇಳದಲ್ಲಿ ಯುನಿಸೆಫ್‌ಗಾಗಿ, ಜಗತ್ತಿನ ನಾನಾ ದೇಶಗಳ ಉಡುಪು ತೊಟ್ಟ ಮಕ್ಕಳ ಬೊಂಬೆಗಳು ಒಟ್ಟಿಗೆ ಹಾಡುವ ಪ್ರದರ್ಶನವನ್ನು ರೂಪಿಸಿದರು. ಫ್ಲೋರಿಡಾದಲ್ಲಿ ಸುಮಾರು 27,000 ಎಕರೆ ಜಮೀನು ಕೊಂಡು ಇನ್ನೂ ದೊಡ್ಡ ಯೋಜನೆ ಹಾಕಿದರು. ಅದನ್ನು ನೋಡುವ ಭಾಗ್ಯ ಅವರಿಗಿರಲಿಲ್ಲ. ಜೀವನವಿಡೀ ಬಿಡದ ಸಿಗರೇಟು ಶ್ವಾಸಕೋಶದ ಕ್ಯಾನ್ಸರ್ ಆಗಿ ಕಾಡಿ, 1966ರ ಡಿಸೆಂಬರ್ 15ರಂದು, 65 ತುಂಬಿ ಹತ್ತೇ ದಿನಕ್ಕೆ ತೀರಿಕೊಂಡರು. ನಿವೃತ್ತಿಯ ಯೋಚನೆಯಲ್ಲಿದ್ದ ಅಣ್ಣ ರಾಯ್ ಅದನ್ನು ಕೈಬಿಟ್ಟು, ತಮ್ಮನ ಕೆಲಸ ಹೆಗಲಿಗೇರಿಸಿಕೊಂಡರು. 1971ರ ಅಕ್ಟೋಬರ್ 1ರಂದು ಫ್ಲೋರಿಡಾದ ಉದ್ಯಾನ ತೆರೆದು, ಅದಕ್ಕೆ ತಮ್ಮನ ಪೂರ್ಣ ಹೆಸರು ಇಡಿಸಿ, ಅದೇ ವರ್ಷದ ಡಿಸೆಂಬರ್‌ನಲ್ಲಿ ತಾವೂ ಕಣ್ಮುಚ್ಚಿದರು.

ವಿದ್ಯಾರ್ಥಿ ಮಿತ್ರರೇ, ಡಿಸ್ನಿ ಅವರ ಹಣ, 26 ಆಸ್ಕರ್‌ಗಳು, ಟೋಕಿಯೋದಿಂದ ಪ್ಯಾರಿಸ್‌ವರೆಗೆ ಹಬ್ಬಿದ ಉದ್ಯಾನಗಳು, ಇವೆಲ್ಲಕ್ಕಿಂತ ಆ ಬೆಂಚು ನಮಗೆ ಹತ್ತಿರದ್ದು. ಪ್ರವಾದಿ ಮುಹಮ್ಮದ್ (ಸ) ಅವರು ನಮಾಝಿನ ಸುಜೂದ್‌ನಲ್ಲಿದ್ದಾಗ ಮೊಮ್ಮಗ ಬೆನ್ನೇರಿದರೆ, ಮಗುವಿನ ಆಟ ಮುಗಿಯಲಿ ಎಂದು ಸುಜೂದನ್ನೇ ದೀರ್ಘಗೊಳಿಸಿದ್ದನ್ನು ನಾವು ಚಿಕ್ಕಂದಿನಿಂದ ಕೇಳಿದ್ದೇವೆ. ಮಕ್ಕಳೊಂದಿಗೆ ಮಕ್ಕಳಾಗುವುದಕ್ಕೆ ದುಬಾರಿ ಟಿಕೆಟ್ ಬೇಕಿಲ್ಲ. ಈ ರಜೆಯಲ್ಲಿ ಮನೆಯ ತಮ್ಮ, ತಂಗಿಯರನ್ನು ಹತ್ತಿರದ ಪಾರ್ಕಿಗೆ ಕರೆದುಕೊಂಡು ಹೋಗಿ. ಮೊಬೈಲು ಹಿಡಿದು ಬೆಂಚಿನ ಮೇಲೆ ಕೂರಬೇಡಿ, ಅವರ ಜೊತೆ ಆಡಿ. ಸಾಧ್ಯವಾದರೆ ಅಬ್ಬ, ಉಮ್ಮನನ್ನೂ ಕರೆದುಕೊಂಡು ಹೋಗಿ. ಆಟವಾಡಲು ಬಿಡುವಿಲ್ಲದೆ ಬೆಳೆದವರು ಅವರಲ್ಲೂ ಇರಬಹುದು.